ಮೇಲಿನ ಶಾಲೆಯ ಕಸ

ಹೆದರಿ ಮಾಡಿಕೊಂಡ ವಾಂತಿಯಲ್ಲಿ ಊಟ ಇರುವುದಿಲ್ಲ. ಹಳದಿ ನೀರು, ಒಂದಿಷ್ಟು ಹಾಲು, ಅಷ್ಟೆ. ಬೆಳಗ್ಗೆಯಿಂದ ಆ ಮಗುವಿನ ಗಂಟಲಲ್ಲಿ ಬೇರೇನೂ ಇಳಿದಿರುವುದಿಲ್ಲ. ಅದರ ಮೇಲೆ ಪುಡಿ ಉದುರಿಸಬೇಕು. ಪುಡಿ ನೀರು ಹೀರುವ ತನಕ ಕಾಯಬೇಕು. ಆಮೇಲೆ ಬಾಚಬೇಕು. ಆ ಪರೀಕ್ಷಾ ಹಾಲ್‌ನದು ಹಳೆಯ ಮರದ ನೆಲ. ಬ್ಲೀಚ್ ಹಾಕಿದರೆ ಬಿಳಿ ಕಲೆ ಬೀಳುತ್ತದೆ. ಮಾಪ್ ಎಳೆದರೆ ಹಲಗೆಯ ಸಂದಿಗೆ ಇಳಿದು ಒಂದು ವಾರ ನಾರುತ್ತದೆ. ಹಾಗಾಗಿ ಮಂಡಿಯೂರಿ ಬಟ್ಟೆಯಲ್ಲಿ ಒರೆಸಬೇಕು. ಹನ್ನೊಂದು ವರ್ಷ ನಾನು ಅದನ್ನು ಒರೆಸಿದೆ. ನನ್ನ ಎಡ ಮಂಡಿ ಈಗ ಮಡಚುವುದಿಲ್ಲ.

ನಾನು ಲೊರೇನ್ ಪಿಲ್ಚರ್. ನಮ್ಮದು ಕೆಂಟ್ ಕಡಲತೀರದ ಒಂದು ಚಿಕ್ಕ ಊರು. ಪ್ರೈಮರಿ ಮುಗಿಸಿದ ಮಕ್ಕಳಿಗೆ ಇಲ್ಲಿ ಎರಡು ಶಾಲೆ. ಎರಡೂ ಸರ್ಕಾರದ್ದೇ, ಎರಡಕ್ಕೂ ಫೀಸಿಲ್ಲ. ಒಂದು ಗುಡ್ಡದ ಮೇಲೆ. ಇನ್ನೊಂದು ಕೆಳಗೆ, ರೈಲು ಹಳಿಯಾಚೆ. ಹತ್ತು ವರ್ಷಕ್ಕೆ ಮಕ್ಕಳಿಗೊಂದು ಪರೀಕ್ಷೆ. ಪಾಸಾದವರು ಮೇಲಿನ ಶಾಲೆಗೆ ಹೋಗಬಹುದು. ಉಳಿದವರೆಲ್ಲ ಕೆಳಗಿನದಕ್ಕೆ. ಗೇಟಿನ ಬೋರ್ಡಿನ ಮೇಲೆ ಅವಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಊರಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಮೇಲಿನದು, ಕೆಳಗಿನದು. ಅಷ್ಟೇ.

ನಾನು ಕೆಳಗಿನದರಲ್ಲಿ ಓದಿದವಳು. ನನ್ನಮ್ಮ ಬೆರಿಲ್ ಕೂಡ. ಮೇಲಿನ ಶಾಲೆಯೊಳಕ್ಕೆ ನಮ್ಮ ಮನೆಯಿಂದ ಮೊದಲು ಕಾಲಿಟ್ಟಿದ್ದು ನೆಲ ಒರೆಸುವ ನನ್ನ ಬಕೆಟ್.

ಆ ದೊಡ್ಡ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ವರ್ಷವಿಡೀ ಶನಿವಾರಗಳಲ್ಲಿ ಮಾದರಿ ಪರೀಕ್ಷೆ. ನಡೆಸುವುದು ಯಾವುದೋ ಕಂಪನಿ. ಮೇಲಿನ ಶಾಲೆಯವರು ಹಾಲ್ ಬಾಡಿಗೆಗೆ ಕೊಡುತ್ತಾರೆ. ಒಂದು ಸಲಕ್ಕೆ ಇನ್ನೂರು ಮಕ್ಕಳು. ಒಂದು ಮಗುವಿಗೆ ಅರವತ್ತೈದು ಪೌಂಡ್. ಅಷ್ಟು ಸಂಪಾದಿಸಲು ನಾನು ಸುಮಾರು ಆರು ಗಂಟೆ ಮಂಡಿಯೂರಬೇಕು. ಕೆಲವು ಮಕ್ಕಳು ಹನ್ನೆರಡು ಸಲ ಬರೆಯುತ್ತಾರೆ. ವಾರಕ್ಕೆರಡು ದಿನ ಟ್ಯೂಷನ್ ಬೇರೆ. ಪ್ರೈಮರಿ ಶಾಲೆಯಲ್ಲಿ ಮಾತ್ರ ಈ ಪರೀಕ್ಷೆಗೆ ತಯಾರಿ ಮಾಡಿಸುವ ಹಾಗಿಲ್ಲ. ಎಲ್ಲರಿಗೂ ಸಮಾನ ಅವಕಾಶ ಇರಬೇಕಲ್ಲ, ಅದಕ್ಕೆ.

ನನ್ನ ಮಗಳು ಬ್ರಯನಿಗೆ ಆಗ ಒಂಬತ್ತು. ಅವಳಪ್ಪ ಲಾರಿ ಓಡಿಸುತ್ತಾನೆ, ಬೇರೆ ಸಂಸಾರಕ್ಕೆ. ಒಂದು ದಿನ ಅವಳು ಕೇಳಿದಳು, "ಅಮ್ಮ, ಆ ಪರೀಕ್ಷೇಲಿ ಏನು ಕೇಳ್ತಾರೆ?" ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಆ ಪರೀಕ್ಷೆಯ ಬುಡದಲ್ಲೇ ಮಂಡಿಯೂರಿದ್ದೆ. ತಲೆಯೆತ್ತಿ ಮೇಜಿನ ಮೇಲೆ ಏನಿದೆ ಎಂದು ನೋಡಿರಲಿಲ್ಲ.

ಮುಂದಿನ ಶನಿವಾರ ನೋಡಿದೆ. ಪರೀಕ್ಷೆ ಮುಗಿದ ಮೇಲೆ ಕಂಪನಿಯವರು ಉತ್ತರ ಹಾಳೆಗಳನ್ನಷ್ಟೇ ಎತ್ತಿಕೊಂಡು ಹೋಗುತ್ತಿದ್ದರು. ಪ್ರಶ್ನೆಪತ್ರಿಕೆಗಳನ್ನು ಬಿಟ್ಟು ಹೋಗುತ್ತಿದ್ದರು. ಸರಿಯುತ್ತರಗಳ ಪಟ್ಟಿಯನ್ನೂ ಬಿಟ್ಟು ಹೋಗುತ್ತಿದ್ದರು. ಅವನ್ನು ಕಪ್ಪು ಚೀಲಕ್ಕೆ ತುಂಬಿ ಹಿಂದಿನ ಕಸದ ತೊಟ್ಟಿಗೆ ಹಾಕುವುದು ನನ್ನ ಕೆಲಸ. ಅವತ್ತು ಒಂದು ಪ್ರತಿ ನನ್ನ ಚೀಲಕ್ಕೆ ಹೋಯಿತು. ಅದರ ಮೇಲೆ ಯಾವುದೋ ಮಗು ವಾಂತಿ ಮಾಡಿಕೊಂಡಿತ್ತು. ನಾನು ಹಾಳೆ ಹಾಳೆಯಾಗಿ ಒರೆಸಿ ಬಾಯ್ಲರ್ ಕೋಣೆಯ ಪೈಪಿನ ಮೇಲೆ ಒಣಗಿಸಿದೆ.

ಬ್ರಯನಿ ಅದನ್ನು ಬಿಡಿಸುತ್ತಾ ಮೂಗು ಮುಚ್ಚಿಕೊಂಡಳು. "ಅಮ್ಮ, ಹದಿನಾಲ್ಕನೇ ಪ್ರಶ್ನೆ ನಾರುತ್ತೆ."

"ಉಸಿರು ಹಿಡ್ಕೊಂಡು ಬೇಗ ಬಿಡಿಸು. ಹದಿನೈದಕ್ಕೆ ಹೋಗು," ಎಂದೆ.

ಹಾಗೆ ಶುರುವಾಯಿತು. ಪ್ರತಿ ಭಾನುವಾರ, ಊಟದ ಪಾತ್ರೆ ತೊಳೆದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ. ನಮ್ಮಮ್ಮ ಗಡಿಯಾರ ಹಿಡಿದು ಕೂರುತ್ತಿದ್ದಳು. ಅವಳ ಹತ್ತಿರ ಒಂದು ಹಳೆಯ ಸೈಕಲ್ ಬೆಲ್ ಇತ್ತು, ತುಕ್ಕು ಹಿಡಿದದ್ದು. ಅದನ್ನು ಒತ್ತಿದರೆ ಪರೀಕ್ಷೆ ಶುರು. ಮತ್ತೆ ಒತ್ತಿದರೆ ಪೆನ್ಸಿಲ್ ಕೆಳಗೆ. ತಪ್ಪಾದದ್ದನ್ನು ಮೂವರೂ ಕೂತು ನೋಡುತ್ತಿದ್ದೆವು. ಉತ್ತರದಿಂದ ಹಿಂದಕ್ಕೆ ನಡೆದು ಲೆಕ್ಕ ಹೇಗೆ ಬಂತೆಂದು ಹುಡುಕುತ್ತಿದ್ದೆವು. ನನಗೆ ಭಿನ್ನರಾಶಿ ಅರ್ಥವಾದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಗುಂಪಿಗೆ ಸೇರದ ಚಿತ್ರ ಯಾವುದು ಎಂಬ ಪ್ರಶ್ನೆಗಳಲ್ಲಿ ನಮ್ಮಮ್ಮ ಬ್ರಯನಿಯನ್ನೇ ಸೋಲಿಸುತ್ತಿದ್ದಳು.

"ನಂಗೆ ಇದೆಲ್ಲಾ ಬರುತ್ತಲ್ಲೇ!" ಎಂದಳು ಒಂದು ದಿನ. ಅವಳಿಗೆ ಎಪ್ಪತ್ತೇಳು. "ಅರವತ್ತೇಳು ವರ್ಷ ಲೇಟಾಯ್ತು, ಅಷ್ಟೆ."

ಹದಿನೇಳು ಪತ್ರಿಕೆಗಳನ್ನು ನಾವು ಹಾಗೆ ಬಿಡಿಸಿದೆವು. ಅಕ್ಟೋಬರಿನಲ್ಲಿ ಒಂದು ಗುರುವಾರ, ಸಂಜೆ ನಾಲ್ಕಕ್ಕೆ, ಫಲಿತಾಂಶ ಫೋನಿಗೆ ಬಂತು. ಆ ಹೊತ್ತಿನಲ್ಲಿ ಊರಿನ ಬೀದಿಗಳು ಖಾಲಿ. ಒಂದು ಮನೆಯಿಂದ ಕೂಗು ಕೇಳುತ್ತದೆ, ಪಕ್ಕದ ಮನೆಯಿಂದ ಏನೂ ಕೇಳುವುದಿಲ್ಲ. ನಮ್ಮ ಮನೆಯಿಂದ ಸೈಕಲ್ ಬೆಲ್ ಕೇಳಿಸಿತು. ಬ್ರಯನಿ ಪಾಸು. ಬೇಕಾದ್ದಕ್ಕಿಂತ ಹನ್ನೊಂದು ಅಂಕ ಜಾಸ್ತಿ.

ಆಮೇಲೆ ತಪ್ಪು ಮಾಡಿದ್ದು ನಾನು. ಪೇಪರಿನ ವಿಷಯ ಯಾರಿಗೂ ಹೇಳಬೇಡ ಎಂದು ಮಗಳಿಗೆ ಹೇಳಿರಲಿಲ್ಲ. ಯಾಕೆ ಹೇಳಲಿ? ಅದು ಮುಚ್ಚಿಡುವ ವಿಷಯ ಎಂದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ವಾರ ಮೇಲಿನ ಶಾಲೆಯಲ್ಲಿ ತಂದೆತಾಯಿಗಳು ಬಂದು ನೋಡುವ ಸಂಜೆ. ನಾನು ಮಧ್ಯಾಹ್ನವೆಲ್ಲ ಅದೇ ಹಾಲ್ ಉಜ್ಜಿದ್ದೆ. ಮನೆಗೆ ಹೋಗಿ ಸ್ನಾನ ಮಾಡಿ, ಒಳ್ಳೆಯ ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು ಮುಂಬಾಗಿಲಿನಿಂದ ಬಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕೆಲಸದವರಿಗೆ ಕಸದ ತೊಟ್ಟಿಯ ಪಕ್ಕ ಬೇರೆ ಬಾಗಿಲಿದೆ.

ಗಣಿತದ ಟೀಚರೊಬ್ಬರು ಬ್ರಯನಿಯ ಮುಂದೆ ಬಗ್ಗಿ ನಗುತ್ತಾ, ನಮ್ಮೂರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವುದನ್ನೇ ಕೇಳಿದರು. "ಜಾಣೆ! ಟ್ಯೂಷನ್ ಯಾರ ಹತ್ರ?"

"ಅಮ್ಮನ ಹತ್ರ," ಎಂದಳು ಬ್ರಯನಿ. ಎದೆಯುಬ್ಬಿಸಿ ಹೇಳಿದಳು. "ನಿಮ್ಮ ಕಸದ ಚೀಲದಿಂದ ಪೇಪರ್ ತರ್ತಿದ್ರು. ವಾಂತಿ ಆಗಿದ್ರೆ ಒರೆಸಿ ಕೊಡ್ತಿದ್ರು."

ಟೀಚರ್ ನೆಟ್ಟಗಾದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಪ್ಪ ನಮ್ಮ ಕಡೆ ತಿರುಗಿದ. ಅವನ ಮಗ ಎರಡು ಅಂಕದಲ್ಲಿ ಫೇಲಾಗಿದ್ದನಂತೆ, ಮೇಲ್ಮನವಿ ಹಾಕಬಹುದೇ ಎಂದು ವಿಚಾರಿಸಲು ಬಂದಿದ್ದ. ಮರುದಿನವೇ ಅವನು ಇದು ಮೋಸ ಎಂದು ಶಾಲೆಗೆ ಪತ್ರ ಬರೆದ.

ಸೋಮವಾರ ನನ್ನನ್ನು ಕರೆಸಿದರು. ಮಿಸೆಸ್ ಆನ್ಸೆಲ್ ಅಂತ, ಶಾಲೆಯ ಹಣ, ಕಟ್ಟಡ, ಕೆಲಸದವರು ಎಲ್ಲ ಅವರ ಕೈಯಲ್ಲಿ. ಪಕ್ಕದಲ್ಲಿ ನಮ್ಮ ಮೇಸ್ತ್ರಿ ಗ್ರಹಾಂ ನಿಂತಿದ್ದ. ಕುರ್ಚಿ ಇತ್ತು. ಕೂರಿ ಎನ್ನಲಿಲ್ಲ.

"ಲೊರೇನ್, ನಿಮ್ಮ ಬ್ಯಾಗ್ ಸ್ವಲ್ಪ ತೆಗೆದು ತೋರಿಸ್ತೀರಾ?"

ನಾನು ಗ್ರಹಾಂ ಕಡೆ ನೋಡಿದೆ. ಅವನು ಕಿಟಕಿ ಕಡೆ ನೋಡಿದ. ನಾನು ಚೀಲ ಬಗ್ಗಿಸಿದೆ. ಮೇಜಿನ ಮೇಲೆ ಬಿದ್ದದ್ದು ಮಂಡಿಗೆ ಕಟ್ಟುವ ಎರಡು ಪಟ್ಟಿ, ಒಂದು ಚೀಸ್ ಸ್ಯಾಂಡ್‌ವಿಚ್, ನೋವಿನ ಮಾತ್ರೆ, ಬ್ರಯನಿಯ ಒಂದು ಕೈಗವಸು. ಮಿಸೆಸ್ ಆನ್ಸೆಲ್ ಪೆನ್ನಿನ ತುದಿಯಲ್ಲಿ ಆ ಕೈಗವಸನ್ನು ಪಕ್ಕಕ್ಕೆ ಸರಿಸಿದರು. ಅದರಡಿ ಏನಾದರೂ ಇದೆಯೇನೋ ಎಂದು.

ಅದೊಂದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪೆನ್ನಿನ ತುದಿ.

"ಶಾಲೆಯ ಕಸ ಶಾಲೆಯ ಆಸ್ತಿ," ಎಂದರು. "ಅದನ್ನ ಮನೆಗೆ ಒಯ್ದರೆ ಕಳ್ಳತನ ಅಂತಾನೇ ಲೆಕ್ಕ. ಅದಕ್ಕೇನು ಕ್ರಮ ಅಂತ ನಿಮಗೆ ಗೊತ್ತಿರಬೇಕಲ್ಲ."

ನಾನು ಕೈಗವಸು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಅವರ ದನಿ ಮೆತ್ತಗಾಯಿತು. "ಇದನ್ನ ದೊಡ್ಡದು ಮಾಡೋಕೆ ನನಗೂ ಇಷ್ಟ ಇಲ್ಲ. ಯಾವ ಶಾಲೆ ಬೇಕು ಅಂತ ಅರ್ಜಿ ತುಂಬೋಕೆ ಶುಕ್ರವಾರ ಕಡೇ ದಿನ, ಅಲ್ವಾ? ನೀವು ಮನೇಲಿ ಕೂತು ಯೋಚನೆ ಮಾಡಿ. ಒಂದೊಂದು ಮಗೂಗೆ ಒಂದೊಂದು ಶಾಲೆ ಹೊಂದುತ್ತೆ. ಕೆಳಗಿನ ಶಾಲೇಲಿ ಅಡುಗೆ ವಿಭಾಗ ತುಂಬಾ ಚೆನ್ನಾಗಿದೆಯಂತೆ. ಮೊದಲ ಆಯ್ಕೆ ಅಂತ ಅದನ್ನ ಬರೆದ್ರೆ, ಆ ತಂದೆಗೆ ನಾನು ಏನಾದರೂ ಹೇಳಿ ಸಮಾಧಾನ ಮಾಡ್ತೀನಿ. ನೀವು ಎಂದಿನ ಹಾಗೆ ಕೆಲಸಕ್ಕೆ ಬನ್ನಿ."

ಅವರು ಇನ್ನೂ ಬಾಯಿ ಮುಚ್ಚಿರಲಿಲ್ಲ, ನನಗೆ ವ್ಯಾಪಾರ ಅರ್ಥವಾಗಿತ್ತು. ನನ್ನ ಬಕೆಟ್ಟು ಬೇಕಾದರೆ ಮಗಳ ಸೀಟು ಬಿಡಬೇಕು. ಆ ಕೆಲಸ ಬಿಟ್ಟರೆ ಮನೆಯಲ್ಲಿರುವುದು ನಮ್ಮಮ್ಮನ ಪಿಂಚಣಿ. ನಮ್ಮೂರಿನಲ್ಲಿ ಚಳಿಗಾಲಕ್ಕೆ ಹೊಸ ಕೆಲಸ ಹುಟ್ಟುವುದಿಲ್ಲ. ಐಸ್‌ಕ್ರೀಮ್ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ.

ವರಾಂಡಕ್ಕೆ ಬಂದಾಗ ಗ್ರಹಾಂ ಹಿಂದೆಯೇ ಬಂದ. "ಬರೆದುಬಿಡು, ಲೊರೇನ್. ಕೆಳಗಿನ ಶಾಲೇಲಿ ಓದಿದ್ರೆ ಸತ್ತೋಗ್ತೀವಾ? ನಾನು ಓದ್ಲಿಲ್ವಾ?"

"ಓದಿದ್ಯಲ್ಲ," ಎಂದೆ. "ಅದಕ್ಕೇ ನೀನು ಕಿಟಕಿ ನೋಡ್ತಾ ನಿಂತಿದ್ದೆ."

ಮರುದಿನ ಊಟದ ಬಿಡುವಿನಲ್ಲಿ, ಬಾಯ್ಲರ್ ಕೋಣೆಯಲ್ಲಿ ನಿಂತು, ಸೆಪ್ಟೆಂಬರಿನ ದೊಡ್ಡ ಪರೀಕ್ಷೆ ನಡೆಸುವ ಕೌಂಟಿ ಕಚೇರಿಗೆ, ಅಂದರೆ ನಮ್ಮ ಜಿಲ್ಲಾಡಳಿತಕ್ಕೆ, ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿದೆ. ಕೊನೆಗೊಬ್ಬ ಹೆಂಗಸು ಸಿಕ್ಕಳು. ಅಂಗಡಿ ಕೌಂಟರಿನ ದನಿ. ನನ್ನಂಥವಳೇ ಇರಬೇಕು.

"ಮಾದರಿ ಪರೀಕ್ಷೆ ಪೇಪರ್ ಮನೇಲಿ ಬಿಡಿಸಿದ್ರೆ ತಪ್ಪಾ?"

"ಅದಕ್ಕೂ ನಮಗೂ ಸಂಬಂಧಾನೇ ಇಲ್ಲ ಕಣಮ್ಮ. ಯಾರು ಬೇಕಾದ್ರೂ ಬಿಡಿಸ್ಬಹುದು. ನಿಮ್ಮ ಮಗಳು ನಮ್ಮ ಪರೀಕ್ಷೇಲಿ ಪಾಸಲ್ವಾ?"

"ಹನ್ನೊಂದು ಅಂಕ ಜಾಸ್ತಿ."

"ಮತ್ತಿನ್ನೇನು? ಅದನ್ನ ಯಾರಪ್ಪನೂ ಕಿತ್ಕೊಳ್ಳೋಕಾಗಲ್ಲ. ಅರ್ಜಿ ಹಾಕಮ್ಮ."

ಹಾಗಾದರೆ ಸೀಟು ಭದ್ರ. ತೂಗಾಡುತ್ತಿದ್ದದ್ದು ನನ್ನ ಕೆಲಸ ಮಾತ್ರ. ಮಿಸೆಸ್ ಆನ್ಸೆಲ್‌ಗೂ ಅದು ಗೊತ್ತಿತ್ತು. ತಮ್ಮ ಕೈಯಲ್ಲಿಲ್ಲದ ಸೀಟನ್ನು ನನ್ನ ಕೈಯಿಂದಲೇ ಬಿಡಿಸಲು ನೋಡಿದ್ದರು.

ಅವತ್ತು ಸಂಜೆ ಅಮ್ಮನಿಗೆ ಮೆಲ್ಲಗೆ ಎಲ್ಲ ಹೇಳಿದೆ. ನಮ್ಮ ಮನೆಯ ಗೋಡೆ ಎಷ್ಟು ತೆಳು ಎಂದು ಮರೆತಿದ್ದೆ. ಊಟಕ್ಕೆ ಕೂತಾಗ ಬ್ರಯನಿ ತಟ್ಟೆಯಲ್ಲಿದ್ದ ಬೀನ್ಸನ್ನು ಫೋರ್ಕಿನಿಂದ ಒಂದೊಂದಾಗಿ ಸಾಲು ಮಾಡುತ್ತಾ ಹೇಳಿದಳು, "ಅಮ್ಮ, ನಂಗೆ ಕೆಳಗಿನ ಶಾಲೆನೇ ಇಷ್ಟ."

"ಯಾವಾಗಿಂದ?"

"ಮೊದಲಿಂದಾನೂ."

"ಯಾಕೆ?"

"ಹತ್ರ ಇದೆ. ಗುಡ್ಡ ಹತ್ತೋದು ಬೇಡ. ಅಲ್ಲಿ ಅಡುಗೆ ಬೇರೆ ಕಲಿಸ್ತಾರೆ."

ತಲೆಯೆತ್ತಲಿಲ್ಲ. ಹತ್ತು ವರ್ಷದ ಮಗು ನನ್ನ ಬಕೆಟ್ ಉಳಿಸಲು ಸುಳ್ಳು ಹೇಳುತ್ತಿತ್ತು. ನನಗೆ ಅಲ್ಲಿಯ ತನಕ ಭಯವಿತ್ತು. ಅದು ಆ ಕ್ಷಣ ಹೋಯಿತು. ಅದು ಹೋದ ಜಾಗಕ್ಕೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ನಮ್ಮಮ್ಮ ಎದ್ದು ಕಪಾಟಿನಿಂದ ಆ ಸೈಕಲ್ ಬೆಲ್ ತಂದು ಮೇಜಿನ ಮೇಲಿಟ್ಟಳು.

"ಇದು ಎಲ್ಲೀದು ಗೊತ್ತೇನೇ ಮರಿ?"

ಬ್ರಯನಿ ತಲೆಯಾಡಿಸಿದಳು. ನನಗೂ ಗೊತ್ತಿರಲಿಲ್ಲ.

"ನಾನು ಪಾಸಾಗ್ತೀನಿ ಅಂತ ನಮ್ಮಪ್ಪ ಮೊದಲೇ ಸೈಕಲ್ ತಂದಿಟ್ಟಿದ್ರು. ಆಗೆಲ್ಲ ಪಾಸಾದೋರಿಗೆ ಸೈಕಲ್ಲು. ಹಸಿರು ಬಣ್ಣ. ಹದಿನೆಂಟು ದಿನ ನಮ್ಮ ಹಜಾರದಲ್ಲಿ ನಿಂತಿತ್ತು, ದಿನಾ ಒರೆಸ್ತಿದ್ದೆ. ಫೇಲಾದೆ. ನಮ್ಮಪ್ಪ ಬೈಯ್ಲಿಲ್ಲ. ವಾಪಸ್ ಕೊಟ್ಟು ಬಾ ಅಂದ್ರು. ನಾನೇ ತಳ್ಕೊಂಡು ಹೋದೆ, ಪೇಟೆ ಬೀದಿಯುದ್ದಕ್ಕೂ. ಎಲ್ಲಾ ಮಕ್ಕಳೂ ನೋಡ್ತಿದ್ರು. ಹತ್ತಿ ಹೋಗೋ ಹಾಗಿರ್ಲಿಲ್ಲ, ಪೆಡಲ್ ಮೇಲೆ ಗೀರು ಬಿದ್ರೆ ಅಂಗಡಿಯವನು ತಗೊಳ್ತಿರ್ಲಿಲ್ಲ." ಅವಳು ಬೆಲ್ಲಿನ ಮೇಲೆ ಬೆರಳಾಡಿಸಿದಳು. "ಸಂದೀಲಿ ನಿಂತು ಇದೊಂದನ್ನ ಬಿಚ್ಕೊಂಡೆ. ಈ ಮನೇಲಿ ಮೊದಲ ಕಳ್ಳಿ ನಿಮ್ಮಮ್ಮ ಅಲ್ಲ. ನಾನು."

ಬ್ರಯನಿ ಬೀನ್ಸ್ ಬಿಟ್ಟು ಅಜ್ಜಿಯ ಕೈ ಹಿಡಿದಳು.

"ಹೊಟ್ಟೆಗೆ ಹೇಗೋ ಆಗುತ್ತೆ," ಎಂದಳು ಅಮ್ಮ ನನಗೆ. "ಈ ಮಗು ಕೈಲಿ ಸೈಕಲ್ ತಳ್ಳಿಸ್ಬೇಡ, ಲೊರೇನ್."

ಬ್ರಯನಿಯ ಗಲ್ಲ ಹಿಡಿದೆತ್ತಿದೆ. "ನನ್ನ ಕಣ್ಣು ನೋಡ್ಕೊಂಡು ಹೇಳು. ನನ್ನ ಕೆಲಸದ ವಿಷಯ ನನಗೆ ಬಿಡು. ಎಲ್ಲಿ ಓದ್ಬೇಕು ನಿಂಗೆ?"

ಅಜ್ಜಿಯ ಕೈ ಬಿಡದೆ ಹೇಳಿದಳು, "ಅಲ್ಲಿ ಮೈಕ್ರೋಸ್ಕೋಪ್ ಇದೆ ಅಮ್ಮ. ಮೂವತ್ತು. ಲೆಕ್ಕ ಹಾಕ್ದೆ." ಆಮೇಲೆ, "ಕೆಳಗಿನ ಶಾಲೇಲಿ ಯಾಕಿಲ್ಲ?"

ಅದರ ಉತ್ತರ ಯಾರ ಹತ್ತಿರ ಇದೆಯೋ ಅವರನ್ನು ಕೇಳಲು ಬುಧವಾರ ಬೆಳಗ್ಗೆಯೇ ಹೋದೆ.

ಕುರ್ಚಿಯಲ್ಲಿ ನಾನೇ ಕೂತೆ. ಮಿಸೆಸ್ ಆನ್ಸೆಲ್ ಹುಬ್ಬೇರಿಸಿದರು.

"ಅರ್ಜಿ ಹಾಕಿದೀನಿ," ಎಂದೆ. "ಮೊದಲ ಆಯ್ಕೆ ಇದೇ ಶಾಲೆ."

"ಲೊರೇನ್, ನಾನು ಹೇಳಿದ್ದು ನಿಮಗೆ ಅರ್ಥ ಆಗಿಲ್ಲ ಅನ್ಸುತ್ತೆ."

"ಚೆನ್ನಾಗೇ ಆಗಿದೆ. ನನ್ನದೊಂದು ಪ್ರಶ್ನೆ. ಆ ಪೇಪರ್ ಮೊದಲೇ ನೋಡಿದ್ದು ಮೋಸ ಆದ್ರೆ, ಈ ಹಾಲ್‌ನಲ್ಲಿ ಕೂತು ಅದೇ ಪೇಪರ್ ಬರೆದ ಇನ್ನೂರು ಮಕ್ಕಳೂ ಮೋಸ ಮಾಡಿದಾರೆ. ಅವರ ಅಪ್ಪ ಅಮ್ಮಂದಿರನ್ನ ಕರೆಸಿ. ಅವರ ಬ್ಯಾಗೂ ಬಗ್ಗಿಸಿ. ನಾನು ಇಲ್ಲೇ ಕೂತಿರ್ತೀನಿ."

"ಅವರು ಅದಕ್ಕೆ ಹಣ ಕೊಟ್ಟಿದಾರೆ."

"ಹಾಂ. ಅದೊಂದು ಮಾತು ನಿಮ್ಮ ಬಾಯಿಂದ ಕೇಳ್ಬೇಕಿತ್ತು."

ಅವರ ಕುತ್ತಿಗೆ ಕೆಂಪಾಯಿತು. ನಾನು ನಿಲ್ಲಿಸಲಿಲ್ಲ. "ಕೆಳಗಿನ ಶಾಲೇಲಿ ಎರಡು ವರ್ಷದಿಂದ ವಿಜ್ಞಾನಕ್ಕೆ ಖಾಯಂ ಮೇಷ್ಟ್ರಿಲ್ಲ. ಇದ್ದವರು ಎಲ್ಲಿಗೆ ಹೋದ್ರು? ಇಲ್ಲಿಗೆ. ಅವರ ಕೋಣೆ ನಾನೇ ಗುಡಿಸ್ತೀನಿ. ಓದೋ ಮಕ್ಕಳನ್ನ ಆರಿಸ್ಕೊಳ್ತೀರಿ, ಕಲಿಸೋ ಮೇಷ್ಟ್ರನ್ನ ಎಳ್ಕೊಳ್ತೀರಿ. ಆಮೇಲೆ ಉಳಿದಿದ್ದನ್ನ ತೋರಿಸಿ, ನಿಮ್ಮ ಮಗೂಗೆ ಅದು ಹೊಂದುತ್ತೆ ಅಂತೀರಿ. ನಮ್ಮಮ್ಮಂಗೂ ಹಾಗೇ ಅಂದ್ರು. ನಂಗೂ ಅಂದ್ರು. ಸಾಕು."

"ನಿಮ್ಮ ಮಗಳು ಪಾಸಾಗಿದಾಳಲ್ಲ? ಮತ್ತೇನು ಕೋಪ ನಿಮಗೆ?"

"ನನ್ನ ಮಗಳ ಜೊತೆ ಪ್ರೈಮರೀಲಿ ಇಪ್ಪತ್ತೊಂಬತ್ತು ಮಕ್ಕಳಿದಾರೆ. ಇಪ್ಪತ್ಮೂರು ಫೇಲು. ಅವರಮ್ಮಂದಿರು ಯಾರೂ ನಿಮ್ಮ ಕಸ ಎತ್ತಲ್ಲ. ಅದಕ್ಕೆ ಕೋಪ."

ಮಿಸೆಸ್ ಆನ್ಸೆಲ್ ಒಂದು ಹಾಳೆ ತೆಗೆದು ಏನೋ ಬರೆದರು. ನನ್ನನ್ನು ಕೆಲಸದಿಂದ ತೆಗೆದಿದ್ದರು. ಆದರೆ ಶನಿವಾರ ಮುಂದಿನ ವರ್ಷದ ಮಕ್ಕಳಿಗೆ ಮಾದರಿ ಪರೀಕ್ಷೆ ಇತ್ತು. ಅಷ್ಟು ಬೇಗ ಬೇರೆ ಯಾರೂ ಸಿಗುವ ಹಾಗಿರಲಿಲ್ಲ. ಹಾಗಾಗಿ ಶನಿವಾರ ಸಂಜೆಯ ತನಕ ನಾನು ಕಳ್ಳಿಯಲ್ಲ. ಭಾನುವಾರದಿಂದ ಕಳ್ಳಿ.

ಶನಿವಾರ ಹೋದೆ. ನಮ್ಮಮ್ಮ ಹೋಗಬೇಡ ಎಂದಳು. ಒಂದು ದಿನದ ಕೂಲಿ ಅವರಿಗೆ ಬಿಡಲು ನನಗೆ ಮನಸ್ಸಿರಲಿಲ್ಲ. ಇನ್ನೂ ಒಂದು ಕಾರಣವಿತ್ತು. ಅದು ಹತ್ತೂವರೆಗೆ ಬಂತು.

ಗ್ರಹಾಂ ವರಾಂಡದ ತುದಿಯಿಂದ ಕೂಗಿದ. "ಲೊರೇನ್! ಹಾಲ್‌ಗೆ ಬೇಗ. ಮೂರನೇ ಸಾಲು."

ಇನ್ನೂರು ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಹೊತ್ತು ಹಾಳಾಗುತ್ತದಲ್ಲ. ಮೂರನೇ ಸಾಲಿನಲ್ಲಿ ಕೆಂಪು ಸ್ವೆಟರಿನ ಹುಡುಗ ಎದ್ದು ನಿಂತಿದ್ದ. ಒಂಬತ್ತು ವರ್ಷ ಇರಬಹುದು. ಎರಡೂ ಕೈ ಚಾಚಿ ಹಿಡಿದಿದ್ದ, ಅಂಗೈಯಿಂದ ತೊಟ್ಟಿಕ್ಕುತ್ತಿತ್ತು. ಪೇಪರಿನ ಮೇಲೆ ಬೀಳದಿರಲಿ ಎಂದು ಕೈಯಲ್ಲಿ ಹಿಡಿಯಲು ನೋಡಿದ್ದ. ನೆಲದ ಮೇಲೆ ಹಳದಿ ನೀರು. ಊಟ ಇರಲಿಲ್ಲ.

ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬಾಯಿ ಒರೆಸಿದೆ, ಕೈ ಒರೆಸಿದೆ, ಬೆರಳಿನ ಸಂದಿಯನ್ನೂ ಒರೆಸಿದೆ. ಒಂದು ಲೋಟ ನೀರು ಕೊಟ್ಟೆ.

"ನಾನು ಫೇಲಾ ಈಗ?" ಎಂದ.

"ಇಲ್ಲ ಮರಿ. ನಿಂಗೆ ಹೊಟ್ಟೆ ಸರಿಯಿಲ್ಲ, ಅಷ್ಟೆ. ಇಲ್ಲೇ ಕೂತಿರು. ಅಮ್ಮನ್ನ ಕಳಿಸ್ತೀನಿ."

ಎದ್ದು, ಮಂಡಿಯ ಪಟ್ಟಿ ಬಿಚ್ಚಿದೆ. ಪುಡಿಯ ಡಬ್ಬಿಯನ್ನೂ ಬಟ್ಟೆಯನ್ನೂ ಗ್ರಹಾಂ ಕೈಗೆ ಕೊಟ್ಟೆ.

"ಇದೇನು?"

"ಹಾಲ್‌ನಲ್ಲಿದೆ. ಮೂರನೇ ಸಾಲು. ಮಗೂನ ಒರೆಸಿದೀನಿ. ನೆಲ ಒರೆಸಲ್ಲ. ಬಾಡಿಗೆ ತಗೊಂಡೋರು ಒರೆಸ್ಲಿ."

"ಲೊರೇನ್, ಮಿಸೆಸ್ ಆನ್ಸೆಲ್ ಮಹಡಿ ಮೇಲೇ ಇದಾರೆ ಕಣೇ!"

"ಗೊತ್ತು. ಮಂಡಿ ಊರೋದು ಹೇಗೆ ಅಂತ ತೋರಿಸ್ಕೊಡು ಅವರಿಗೆ. ನಿಂಗೆ ಬರುತ್ತೆ."

ಕೋಟು ಹಾಕಿಕೊಂಡು ಮುಂಬಾಗಿಲಿನಿಂದ ಹೊರಗೆ ಬಂದೆ. ಗೇಟಿನ ತನಕ ಕಾರುಗಳ ಸಾಲು. ಅಮ್ಮಂದಿರು ಕಾಫಿ ಲೋಟ ಹಿಡಿದು ನಿಂತಿದ್ದರು. ಒಬ್ಬಳು ನನ್ನ ಕೆಲಸದ ಅಂಗಿ ನೋಡಿ ಓಡಿ ಬಂದಳು.

"ಒಳಗೆ ಯಾರಿಗೋ ಹುಷಾರಿಲ್ವಂತೆ? ಕೆಂಪು ಸ್ವೆಟರ್ ಅಲ್ಲ ತಾನೇ?"

"ಕೆಂಪು ಸ್ವೆಟರೇ. ವಾಂತಿ ಮಾಡ್ಕೊಂಡಿದಾನೆ."

ಅವಳ ಮುಖ ಬಿಳಿಚಿತು.

"ಅಯ್ಯೋ ದೇವರೇ. ಪೇಪರ್ ಮುಗಿಸಿದ್ನಾ?"

ನಾನು ಅವಳನ್ನು ನೋಡಿದೆ. ಒಳ್ಳೆಯ ಹೆಂಗಸೇ ಇರಬೇಕು. ಕಣ್ಣ ಕೆಳಗೆ ಕಪ್ಪಾಗಿತ್ತು, ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಹೊಡೆಯಬೇಕು ಅನ್ನಿಸಿತು. ಯಾರನ್ನು ಎಂದು ಗೊತ್ತಾಗಲಿಲ್ಲ.

"ಹೋಗಿ ನೋಡಿ ಅವನನ್ನ," ಎಂದೆ. "ವರಾಂಡದಲ್ಲಿ ಒಬ್ಬನೇ ಕೂತಿದಾನೆ. ಹಾಲ್‌ಗೆ ಹೋಗೋದಾದ್ರೆ ಕಾಲ ಕೆಳಗೆ ನೋಡ್ಕೊಳ್ಳಿ. ನೆಲ ಒರೆಸಿಲ್ಲ."